ಈಟನ್ ಶಾಲೆಯ ಪ್ರಭುಪುತ್ರರು

ಥೇಮ್ಸ್ ನದಿಯ ದಡದಲ್ಲಿ, ವಿಂಡ್ಸರ್ ಅರಮನೆಗೆ ಎದುರಾಗಿ, ಈಟನ್ ಎಂಬ ಶಾಲೆಯೊಂದುಂಟು. ಅದರ ಹೆಸರನ್ನು ನಮ್ಮ ವಾಚಕರಲ್ಲಿ ಅನೇಕರು ಕೇಳಿಯೇ ಇರುವರು. ಆದರೆ ಶ್ರೀರಂಗಪಟ್ಟಣದ ಭವಿಷ್ಯವನ್ನು ತೀರ್ಮಾನಿಸಿದ ಮೂವರು ಮಹನೀಯರೂ ಬಾಲ್ಯದಲ್ಲಿ ಆ ಒಂದೇ ಶಾಲೆಯ ಬೆಂಚುಗಳ ಮೇಲೆ ಕುಳಿತು ಲ್ಯಾಟಿನ್ ಕಲಿತವರೆಂಬುದನ್ನು ಬಲ್ಲವರು ವಿರಳ. ಇಂಗ್ಲೆಂಡಿನ ಹಳೆಯ ಪ್ರಭುಶಾಲೆಗಳ ಮೇಲಣ ಮೋಹವು ಈಚೆಗೆ ನಮ್ಮ ರಾಜ್ಯದಲ್ಲಿಯೂ ಬೆಳೆಯುತ್ತಿರುವುದರಿಂದ, ಈಟನ್ ತನ್ನ ಕುಲೀನ ವಿದ್ಯಾರ್ಥಿಗಳಿಗೆ ಏನನ್ನು ಕೊಟ್ಟಿತು, ಅವರು ಲೋಕಕ್ಕೆ ಏನನ್ನು ಕೊಟ್ಟರು ಎಂಬುದನ್ನು ವಿಚಾರಿಸುವುದು ಅಪ್ರಸ್ತುತವಾಗಲಾರದು.

ಮೊದಲು ಹೇಳಬೇಕಾದ ಮಾತೆಂದರೆ, ಈ ಶಾಲೆಯು ಪ್ರಭುಗಳಿಗಾಗಿ ಹುಟ್ಟಿದುದಲ್ಲ. 1440ರಲ್ಲಿ ಆರನೆಯ ಹೆನ್ರಿ ದೊರೆಯು 70 ಮಂದಿ ಬಡ ಹುಡುಗರಿಗೆ ಅನ್ನ, ವಸತಿ, ವಿದ್ಯೆಗಳನ್ನು ಧರ್ಮಾರ್ಥವಾಗಿ ಒದಗಿಸುವುದಕ್ಕಾಗಿ ಇದನ್ನು ಸ್ಥಾಪಿಸಿದನು. ಅವರ ಮುಂದಿನ ವ್ಯಾಸಂಗಕ್ಕಾಗಿ ಮರುವರ್ಷವೇ ಕೇಂಬ್ರಿಜ್ಜಿನಲ್ಲಿ ಕಿಂಗ್ಸ್ ಕಾಲೇಜನ್ನು ಕಟ್ಟಿಸಲು ಆರಂಭಿಸಿದನು. ದೊರೆಯು ಸಾಧುಪುರುಷ, ರಾಜ್ಯಭಾರದಲ್ಲಿ ಅಸಮರ್ಥ. 1461ರಲ್ಲಿ ಪಟ್ಟ ಕಳೆದುಕೊಂಡು 1471ರಲ್ಲಿ ಲಂಡನ್ನಿನ ಕೋಟೆಯ ಸೆರೆಯಲ್ಲಿ ಸತ್ತನು. ಅವನ ಧರ್ಮಶಾಲೆಯಲ್ಲಿ ಆ 70 ಮಂದಿಯಲ್ಲದೆ, ಊರಿನಲ್ಲಿ ಬಿಡಾರ ಮಾಡಿಕೊಂಡು ಸ್ವಂತ ಖರ್ಚಿನಿಂದ ಓದುವ ಸ್ಥಿತಿವಂತರ ಮಕ್ಕಳಿಗೂ ಪ್ರವೇಶವಿದ್ದಿತು. ಕಾಲಕ್ರಮದಲ್ಲಿ ಈ ಬಿಡಾರದ ಹುಡುಗರ ಸಂಖ್ಯೆಯೇ ಬೆಳೆದು, ಅತಿಥಿಗಳಾಗಿ ಬಂದವರು ಮನೆಯ ಯಜಮಾನರಾದರು. ಈಗ ಅಲ್ಲಿ 1,300ಕ್ಕೂ ಮೇಲ್ಪಟ್ಟು ಹುಡುಗರಿರುವರು. ವಾರ್ಷಿಕ ಶುಲ್ಕವು 50,000 ಪೌಂಡುಗಳನ್ನು ಮೀರಿರುವುದು. ದೊರೆಯ ಹೆಸರಿನ 70 ಸ್ಥಾನಗಳು ಇಂದಿಗೂ ಉಂಟು. ಆದರೆ ಅವುಗಳಿಗೆ ಆಯ್ಕೆ ನಡೆಯುವುದು ಕಠಿನವಾದ ಪರೀಕ್ಷೆಯಿಂದ. ಬಡತನವು ಅಲ್ಲಿ ಅರ್ಹತೆಯಲ್ಲ. ಕೆಲವು ಬಡ ಹುಡುಗರಿಗೆ ಶುಲ್ಕವನ್ನು ಪೂರ್ತಿಯಾಗಿ ಬಿಡುವ ಪದ್ಧತಿಯೂ ಅಲ್ಲಿರುವುದೆಂಬುದನ್ನು ನ್ಯಾಯದೃಷ್ಟಿಯಿಂದ ಹೇಳಲೇಬೇಕು.

ಶ್ರೀರಂಗಪಟ್ಟಣದ ಮೂವರಲ್ಲಿ ಹಿರಿಯನು ಕಾರ್ನ್‌ವಾಲಿಸ್. ಈತನು ಹುಡುಗನಾಗಿದ್ದಾಗ ಈಟನ್ನಿನ ಬಯಲಿನಲ್ಲಿ ಹಾಕಿ ಆಡುವಾಗ ಸಹಪಾಠಿಯೊಬ್ಬನ ಕೋಲು ತಗಲಿ ಒಂದು ಕಣ್ಣು ಶಾಶ್ವತವಾಗಿ ಓರೆಯಾಯಿತು. ಆ ಸಹಪಾಠಿಯು ಮುಂದೆ ಡರ್ಹ್ಯಾಮಿನ ಬಿಷಪ್ಪನಾದನು! ಆ ಶಾಲೆಯಲ್ಲಿ ಕಣ್ಣು ಕಳೆದವನೂ ಕೆಡಿಸಿಕೊಂಡವನೂ ಒಂದೇ ಪಂಕ್ತಿಯಲ್ಲಿ ಮೇಲೇರುವರೆಂಬುದಕ್ಕೆ ಇದೊಂದು ದೃಷ್ಟಾಂತ. 1781ರಲ್ಲಿ ಅಮೆರಿಕದ ಯಾರ್ಕ್‌ಟೌನಿನಲ್ಲಿ ಕಾರ್ನ್‌ವಾಲಿಸನು ತನ್ನ ಸೈನ್ಯವನ್ನೆಲ್ಲ ವಾಷಿಂಗ್ಟನ್ನನಿಗೆ ಒಪ್ಪಿಸಿ ಶರಣಾಗತನಾದನು. ಸಾಮಾನ್ಯನಾದ ಸೇನಾಧಿಕಾರಿಗೆ ಅಲ್ಲಿಗೇ ಉದ್ಯೋಗವು ಮುಗಿದಂತೆ. ಆದರೆ ಇವನು ಅರ್ಲ್ ಪದವಿಯ ಪ್ರಭು. ಐದು ವರ್ಷ ಕಳೆಯುವಷ್ಟರಲ್ಲಿ ಭಾರತದ ಗವರ್ನರ್ ಜನರಲ್ಲನಾಗಿ ಬಂದನು. 1791ರಲ್ಲಿ ಬೆಂಗಳೂರಿನ ಕೋಟೆಯನ್ನು ಹಿಡಿದು, 1792ರಲ್ಲಿ ಶ್ರೀರಂಗಪಟ್ಟಣದ ಒಪ್ಪಂದದಿಂದ ಟಿಪ್ಪುವಿನ ರಾಜ್ಯದ ಅರ್ಧಭಾಗವನ್ನೂ 3 ಕೋಟಿ 30 ಲಕ್ಷ ರೂಪಾಯಿಗಳನ್ನೂ ಗೊತ್ತುಮಾಡಿಕೊಂಡು, ಸುಲ್ತಾನನ ಇಬ್ಬರು ಬಾಲಕರನ್ನು ಒತ್ತೆಯಾಗಿ ಕರೆದೊಯ್ದನು. ಮರುವರ್ಷ ಬಂಗಾಳದಲ್ಲಿ ಕಾಯಂ ಜಮಾಬಂದಿಯನ್ನು ಜಾರಿಗೆ ತಂದು, ಜಮೀನ್ದಾರರೆಂಬ ಪ್ರಭುವರ್ಗವನ್ನು ರೈತನ ತಲೆಯ ಮೇಲೆ ಕೂರಿಸಿದನು. ತಾನು ಹುಟ್ಟಿ ಬೆಳೆದ ಪ್ರಪಂಚವೇ ಪ್ರಪಂಚದ ಸಹಜಸ್ಥಿತಿಯೆಂದು ಅವನು ತಿಳಿದುದರಲ್ಲಿ ಆಶ್ಚರ್ಯವೇನು? ಸ್ವತಃ ಲಂಚಕ್ಕೆ ಕೈಯೊಡ್ಡದ ಮನುಷ್ಯ. ಕಂಪೆನಿಯ ನೌಕರರ ಲಂಚಗುಳಿತನವನ್ನು ಬಹುಮಟ್ಟಿಗೆ ತಗ್ಗಿಸಿದವನು. ಆದರೆ ದೊಡ್ಡ ಹುದ್ದೆಗಳಿಂದ ಭಾರತೀಯರನ್ನು ಹೊರಗಿಟ್ಟವನೂ ಅವನೇ. 1805ರಲ್ಲಿ ಘಾಜೀಪುರದಲ್ಲಿ ತೀರಿಕೊಂಡನು.

ಉಳಿದಿಬ್ಬರು ಅಣ್ಣತಮ್ಮಂದಿರು. ಅಣ್ಣನಾದ ರಿಚರ್ಡ್ ವೆಲ್ಲೆಸ್ಲಿಯು ಮೊದಲು ಹ್ಯಾರೋ ಶಾಲೆಯನ್ನು ಸೇರಿದ್ದನು. ಮುಖ್ಯೋಪಾಧ್ಯಾಯರ ನೇಮಕದ ವಿಷಯದಲ್ಲಿ ಹುಡುಗರು ನಡೆಸಿದ ದೊಂಬಿಯಲ್ಲಿ ಪಾಲುಗೊಂಡು ಅಲ್ಲಿಂದ ಹೊರದೂಡಲ್ಪಟ್ಟು ಈಟನ್ನಿಗೆ ಬಂದನು. ಇಲ್ಲಿ ಲ್ಯಾಟಿನ್ ಪದ್ಯರಚನೆಯಲ್ಲಿ ಅಗ್ರಗಣ್ಯನೆನಿಸಿದನು. ತಮ್ಮನಾದ ಆರ್ಥರನು 1781ರಿಂದ 1784ರವರೆಗೆ ಅಲ್ಲಿದ್ದನು. ತಂದೆ ಸತ್ತು ಮನೆಯಲ್ಲಿ ಸಾಲ. ಹುಡುಗನಿಗೆ ಓದಿನಲ್ಲಿಯೂ ಆಟದಲ್ಲಿಯೂ ವಿಶೇಷವಾದ ಹೆಸರಿಲ್ಲ. ಕೊನೆಗೆ ತಾಯಿಯು ಅವನನ್ನು ಬಿಡಿಸಿಕೊಂಡು, ಜೀವನದ ವೆಚ್ಚ ಕಡಿಮೆಯಾದ ಬ್ರಸೆಲ್ಸ್ ನಗರಕ್ಕೆ ಕರೆದೊಯ್ದಳು. ವಾಟರ್ಲೂ ಯುದ್ಧವನ್ನು ಗೆದ್ದುದು ಈಟನ್ನಿನ ಆಟದ ಬಯಲಿನಲ್ಲಿ ಎಂಬ ಮಾತನ್ನು ಆತನೇ ಆಡಿದನೆಂದು ನಮ್ಮ ಸಭೆಗಳಲ್ಲಿ ಉಪನ್ಯಾಸಕರು ಉದ್ಧರಿಸುವುದುಂಟು. ಈ ಮಾತು ಅವನ ಹೆಸರಿನಲ್ಲಿ ಕಾಣಿಸಿಕೊಂಡುದು 1852ರಲ್ಲಿ ಅವನು ಸತ್ತ ತರುವಾಯ.

ಈ ಆರ್ಥರನಿಗೆ ದೊರೆತುದು ಎಂಥ ಅನುಕೂಲವೆಂಬುದನ್ನು ನಮ್ಮ ಶ್ರೀರಂಗಪಟ್ಟಣವೇ ಹೇಳಬಲ್ಲದು. 1799ರ ಏಪ್ರಿಲ್ 5ರ ರಾತ್ರಿ ಸುಲ್ತಾನ್‌ಪೇಟೆಯ ತೋಪನ್ನು ಹಿಡಿಯಲು ಹೋದ ಅವನ ಪಡೆಯು ಕತ್ತಲಲ್ಲಿ ಚೆಲ್ಲಾಪಿಲ್ಲಿಯಾಗಿ ಹಿಮ್ಮೆಟ್ಟಿತು. ಮೇ 4ರಂದು ಕೋಟೆಗೆ ಲಗ್ಗೆಯಿಟ್ಟ ಪಡೆಯ ಮುಂದಾಳು ಡೇವಿಡ್ ಬೇರ್ಡ್; ಹಿಂದೆ ಸುಮಾರು ನಾಲ್ಕು ವರ್ಷ ಅದೇ ಪಟ್ಟಣದಲ್ಲಿ ಸೆರೆಯಲ್ಲಿ ನರಳಿದ್ದವನು. ಟಿಪ್ಪು ಸುಲ್ತಾನನು ಕೋಟೆಯ ಬಾಗಿಲಿನಲ್ಲಿ ಕಾದಾಡುತ್ತ ಮಡಿದನು. ಗೆಲವು ಬೇರ್ಡನ ಕೈಗೆ ಬಂದಿತು. ಆದರೆ ಪಟ್ಟಣದ ಅಧಿಕಾರವು ಕೂಡಲೇ ಆರ್ಥರ್ ವೆಲ್ಲೆಸ್ಲಿಗೆ ಹೋಯಿತು. ಬೇರ್ಡನು ಕೋಪದಿಂದ ದೂರು ಬರೆದನು, ಫಲವಾಗಲಿಲ್ಲ. ಆ ಕಾಲದ ಗವರ್ನರ್ ಜನರಲ್ಲನು ಆರ್ಥರನ ಸ್ವಂತ ಅಣ್ಣನೆಂಬುದನ್ನು ಜ್ಞಾಪಿಸಿಕೊಂಡರೆ ಹೆಚ್ಚಿನ ವಿವರಣೆ ಬೇಕಾಗದು. ಆರ್ಥರನು ಯೋಗ್ಯನಲ್ಲವೆಂದು ನಾವು ಹೇಳುವುದಿಲ್ಲ. ಅವನ ಯೋಗ್ಯತೆಯು ಆಮೇಲೆ ಲೋಕಪ್ರಸಿದ್ಧವಾಯಿತು. 1800ರಲ್ಲಿ ಧೋಂಡಿಯಾ ವಾಘನನ್ನು ಬೆನ್ನಟ್ಟಿ ಕೊಂದ ಮೇಲೆ, ಅವನ ಅನಾಥ ಬಾಲಕನನ್ನು ತಾನೇ ಸಾಕಿಸಿ, ಮುಂದಿನ ಜೀವನಕ್ಕೆ ಹಣವನ್ನೂ ಇಟ್ಟುಹೋದ ಔದಾರ್ಯವೂ ಅವನಲ್ಲಿದ್ದಿತು. ನಮ್ಮ ಪ್ರಶ್ನೆಯು ಬೇರೆ: ಬೇರ್ಡನಂಥವರು ಎಷ್ಟು ಮಂದಿ ಬಾಗಿಲಲ್ಲಿಯೇ ನಿಂತರು?

ಕಂಪೆನಿಯ ಕಾಲ ಕಳೆದು ವೈಸ್‌ರಾಯರ ಕಾಲ ಬಂದ ಮೇಲೆ ಈ ಸಂಗತಿಯು ಒಂದು ಪದ್ಧತಿಯೇ ಆಯಿತು. 1884ರಲ್ಲಿ ಡಫ್ರಿನ್, ಅನಂತರ ಲ್ಯಾನ್ಸ್‌ಡೌನ್, ಎಲ್ಗಿನ್, ಕರ್ಜನ್, 1910ರವರೆಗೆ ಮಿಂಟೋ, ಹೀಗೆ ಒಬ್ಬರಾದ ಮೇಲೊಬ್ಬರಂತೆ ಐವರು. ಐವರೂ ಈಟನ್ನಿನವರು! 1904ರಲ್ಲಿ ಕರ್ಜನ್ನರು ರಜೆಯ ಮೇಲೆ ಹೋದಾಗ ಆರೇಳು ತಿಂಗಳು ಪೀಠದಲ್ಲಿ ಕುಳಿತ ಆಂಪ್ಟಿಲ್ ಪ್ರಭುಗಳೂ ಅಲ್ಲಿಯವರೇ. 30 ಕೋಟಿಯಷ್ಟು ಜನರಿದ್ದ ದೇಶಕ್ಕೆ ಯಜಮಾನರು 26 ವರ್ಷ ಎಡೆಬಿಡದೆ ಒಂದೇ ಶಾಲೆಯಿಂದ ಬಂದರು. ಪುನಃ 1926ರಿಂದ 1943ರವರೆಗೆ ಇರ್ವಿನ್, ವಿಲಿಂಗ್ಡನ್, ಲಿನ್ಲಿತ್‌ಗೋ. ಇಂಗ್ಲೆಂಡಿನಲ್ಲಿ ಬೇರೆ ಶಾಲೆಗಳೇ ಇರಲಿಲ್ಲವೆಂದು ಪರಸ್ಥಳದವನು ಊಹಿಸಿದರೆ ಅವನನ್ನು ದೂಷಿಸಲಾಗದು.

ಇವರಲ್ಲೆಲ್ಲ ಬುದ್ಧಿಶಾಲಿಗಳು ಕರ್ಜನ್ನರು. ಈಟನ್ನಿನಲ್ಲಿ ಬಹುಮಾನಗಳ ರಾಶಿಯನ್ನೇ ಗಳಿಸಿದವರು. ಭಾರತ ಸಾಮ್ರಾಜ್ಯದ ವಿಷಯವಾಗಿ ಅಲ್ಲಿ ಕೇಳಿದ ಒಂದು ಉಪನ್ಯಾಸವೇ ತಮ್ಮಲ್ಲಿ ಆಶೆಯನ್ನು ಮೂಡಿಸಿತೆಂದು ಮುಂದೆ ತಾವೇ ಹೇಳಿಕೊಂಡವರು. ಬೆನ್ನೆಲುಬಿನ ಬೇನೆಯಿಂದಾಗಿ ಜೀವಮಾನವೆಲ್ಲ ಬಿಗಿಪಟ್ಟಿ ಧರಿಸಿಯೇ ದುಡಿದರು. 1902ರ ಆಗಸ್ಟ್ 8ರಂದು ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರವರಿಗೆ ರಾಜ್ಯಾಧಿಕಾರವನ್ನು ವಹಿಸಿಕೊಟ್ಟವರು ಇವರೇ. ನಮ್ಮ ಪ್ರಾಚೀನ ದೇಗುಲಗಳ ಸಂರಕ್ಷಣೆಗೆ 1904ರ ಶಾಸನವನ್ನು ಮಾಡಿದುದಕ್ಕಾಗಿ ಕೃತಜ್ಞತೆಯನ್ನು ಹೇಳಲು ನಾವು ಹಿಂದೆಗೆಯುವವರಲ್ಲ. ಆದರೆ ಹಳೆಯ ಕಲ್ಲುಗಳ ಮೇಲಿದ್ದ ಗೌರವವು ಬದುಕಿರುವ ಜನರ ಅಭಿಪ್ರಾಯದ ಮೇಲೆ ಇರಲಿಲ್ಲ. 1905ರಲ್ಲಿ ಬಂಗಾಳವನ್ನು ಇಬ್ಭಾಗ ಮಾಡಿದರು. ಸ್ವದೇಶೀ ಚಳವಳಿಯ ಜನ್ಮಕ್ಕೆ ಇವರಷ್ಟು ಸಹಾಯಮಾಡಿದ ಆಂಗ್ಲೇಯರು ಬೇರೊಬ್ಬರಿಲ್ಲ. ಇವರ ಅಂತ್ಯವು ಮಾತ್ರ ಕರುಣಾಜನಕ. 1923ರಲ್ಲಿ ಪ್ರಧಾನಮಂತ್ರಿ ಪದವಿಯು ತಮಗೇ ಎಂದು ನಂಬಿದ್ದಾಗ, ಇವರು ಪ್ರಭುಸಭೆಯ ಸದಸ್ಯರೆಂಬುದೇ ಒಂದು ಅಡ್ಡಿಯಾಗಿ ಅದು ಬಾಲ್ಡ್ವಿನ್ನರಿಗೆ ಹೋಯಿತು. ಯಾವ ಏಣಿಯು ಕಲ್ಕತ್ತೆಯವರೆಗೆ ಏರಿಸಿತೋ ಅದೇ ಏಣಿಯು ಲಂಡನ್ನಿನಲ್ಲಿ ಕಾಲಿಗೆ ತೊಡಕಾಯಿತು.

ಇರ್ವಿನ್ನರು ಸೌಮ್ಯರು, ಧರ್ಮಭೀರುಗಳು. 1931ರ ಮಾರ್ಚ್ 5ರಂದು ಮಹಾತ್ಮರೊಡನೆ ಸಮಾನಾಸನದಲ್ಲಿ ಕುಳಿತು ಒಪ್ಪಂದ ಮಾಡಿಕೊಂಡರು; ಹಿಂದಿನ ವರ್ಷ ಉಪ್ಪಿಗಾಗಿ ಲಾಠಿ ತಿಂದ ಅಂಕೋಲೆಯಂಥ ಕರಾವಳಿಯ ಜನಕ್ಕೆ, ಮನೆಯ ಬಳಕೆಗೆ ಉಪ್ಪು ತೆಗೆಯುವ ಸ್ವಾತಂತ್ರ್ಯವು ಅದರಿಂದ ದೊರೆಯಿತು. ಅದೇ ತಿಂಗಳ 23ರಂದು ಭಗತ್ ಸಿಂಗರು ಗಲ್ಲಿಗೇರಿದರು. ವಿಲಿಂಗ್ಡನ್ನರು ಕ್ರಿಕೆಟ್ಟಿನಲ್ಲಿ ಹೆಸರಾದವರು. ಮುಂಬಯಿಯಲ್ಲಿ ಭಾರತೀಯರಿಗೂ ಪ್ರವೇಶವಿರುವ ಕ್ಲಬ್ಬನ್ನು ಸ್ಥಾಪಿಸಿದವರು. 1932ರ ಜನವರಿಯಲ್ಲಿ ಗಾಂಧಿಯವರನ್ನು ಸೆರೆಗೆ ತಳ್ಳಿದವರು. ಲಿನ್ಲಿತ್‌ಗೋ ಪ್ರಭುಗಳು 1939ರಲ್ಲಿ ಈ ದೇಶದ ಪ್ರತಿನಿಧಿಗಳಲ್ಲಿ ಒಬ್ಬರನ್ನೂ ಕೇಳದೆ ದೇಶವನ್ನು ಯುದ್ಧಕ್ಕೆ ಎಳೆದರು. 1943ರಲ್ಲಿ ಬಂಗಾಳದಲ್ಲಿ ಲಕ್ಷಾಂತರ ಜನರು ಅನ್ನವಿಲ್ಲದೆ ಸಾಯುತ್ತಿದ್ದಾಗ ಆ ಪ್ರಾಂತಕ್ಕೆ ಕಾಲಿಡದೆಯೇ ಅಧಿಕಾರ ಮುಗಿಸಿ ಹೊರಟುಹೋದರು. ಮೂವರೂ ಒಂದೇ ಗುರುಕುಲದವರು, ಮೂವರ ಸ್ವಭಾವವೂ ಬೇರೆಬೇರೆ. ಶಾಲೆಯು ಶೀಲವನ್ನು ಎರಕ ಹೊಯ್ಯುವುದೆಂಬ ವಾದಕ್ಕೆ ಇವರ ಜೀವನಗಳಲ್ಲಿ ಆಧಾರವಿಲ್ಲ. ಮೂವರಿಗೂ ಸಮನಾಗಿದ್ದುದು ಒಂದೇ: ಆಳುವುದು ತಮ್ಮ ಪಾಲಿಗೆ ಬಂದ ಸಹಜವಾದ ಕೆಲಸವೆಂಬ ಸಂಶಯರಹಿತವಾದ ಭಾವನೆ. ಈಟನ್ ಕೊಟ್ಟುದು ಅದನ್ನೇ. ಜೊತೆಗೆ, ಅಧಿಕಾರದಲ್ಲಿರುವ ಅರ್ಧ ಮಂದಿಯನ್ನು ಬಾಲ್ಯದ ಅಡ್ಡಹೆಸರಿನಿಂದ ಕರೆಯಬಲ್ಲ ಸಲಿಗೆಯನ್ನು.

ಈ ಭಾವನೆಗೆ ಅವರು ಬೆಲೆ ತೆರಲಿಲ್ಲವೆಂದರೆ ಅನ್ಯಾಯವಾದೀತು. 1914ರ ಮಹಾಯುದ್ಧದಲ್ಲಿ ಈಟನ್ನಿನ ಹಳೆಯ ವಿದ್ಯಾರ್ಥಿಗಳು ಸುಮಾರು 5,600 ಮಂದಿ ಹೋರಾಡಿ, 1,157 ಮಂದಿ ಮಡಿದರು. ಐವರಲ್ಲೊಬ್ಬರು! ಡೆಸ್‌ಬರೋ ಪ್ರಭುವಿನ ಮಗ ಜೂಲಿಯನ್ ಗ್ರೆನ್‌ಫೆಲ್ಲನು ಕವಿ; 1915ರ ಮೇ ತಿಂಗಳಲ್ಲಿ ಗಾಯಗೊಂಡು ಸತ್ತನು. ಜುಲೈಯಲ್ಲಿ ಅವನ ತಮ್ಮನೂ ಸತ್ತನು. ಉಳಿದ ಮೂರನೆಯವನು 1926ರಲ್ಲಿ ಮೋಟಾರು ಅಪಘಾತದಲ್ಲಿ ತೀರಿಕೊಂಡನು. 1945ರಲ್ಲಿ ಮುದುಕ ತಂದೆಯೊಡನೆ ಆ ಪ್ರಭುಪದವಿಯೂ ಮಣ್ಣುಗೂಡಿತು. ಪುತ್ರಶೋಕಕ್ಕೆ ದೇಶಭೇದವಿಲ್ಲ.

ಆ ಅಚ್ಚಿಗೆ ಒಗ್ಗದೆ ಹೊರಬಿದ್ದವರೂ ಇರುವರು. ಬ್ಯಾರೊನೆಟ್ ಮನೆತನದ ಹಿರಿಯ ಮಗನಾದ ಷೆಲ್ಲಿಯು ಕಿರಿಯ ಹುಡುಗರು ಹಿರಿಯರ ಊಳಿಗ ಮಾಡಬೇಕೆಂಬ ಅಲ್ಲಿಯ ಪದ್ಧತಿಗೆ ತಲೆಬಾಗಲೊಲ್ಲದೆ, ಹುಚ್ಚನೆಂಬ ಹೆಸರು ಪಡೆದನು. ಸ್ಕಾಟ್ಲೆಂಡಿನ ಪುರಾತನ ಮನೆತನದ ಜೆ. ಬಿ. ಎಸ್. ಹಾಲ್ಡೇನರು ಅಲ್ಲಿ ಹಿರಿಯ ಹುಡುಗರ ಹಿಂಸೆಯನ್ನು ಸಹಿಸಿ ಓದಿ, ವಿಜ್ಞಾನದಲ್ಲಿ ಜಗತ್ಪ್ರಸಿದ್ಧರಾಗಿ, 1957ರಲ್ಲಿ ಭಾರತಕ್ಕೆ ಬಂದು ನೆಲಸಿದರು. ಈ ದೇಶದ ಪೌರತ್ವವನ್ನು ಪಡೆದು 1964ರಲ್ಲಿ ಭುವನೇಶ್ವರದಲ್ಲಿ ದೇಹವಿಟ್ಟರು. ಈಟನ್ನಿನಿಂದ ನಮ್ಮಲ್ಲಿಗೆ ಆಳಲು ಬಂದವರ ಪಟ್ಟಿಯು ಉದ್ದವಾಗಿದೆ. ನಮ್ಮವರಾಗಲು ಬಂದವರಲ್ಲಿ ಇವರ ಹೆಸರು ಮೊದಲು ನೆನಪಿಗೆ ಬರುವುದು.

ಇಂಗ್ಲೆಂಡಿನಲ್ಲಿ ಪ್ರಭುತ್ವದ ಗೋಡೆಗಳು ಒಂದೊಂದಾಗಿ ಸಡಿಲಿವೆ. 1999ರಲ್ಲಿ ವಂಶಪಾರಂಪರ್ಯದ ಪ್ರಭುಗಳಲ್ಲಿ 92 ಮಂದಿಯನ್ನುಳಿದು ಮಿಕ್ಕವರನ್ನೆಲ್ಲ ಪ್ರಭುಸಭೆಯಿಂದ ಬೀಳ್ಕೊಟ್ಟರು. 2025ರ ಜನವರಿಯಿಂದ ಖಾಸಗಿ ಶಾಲೆಗಳ ಶುಲ್ಕದ ಮೇಲೆ ನೂರಕ್ಕೆ 20ರಂತೆ ತೆರಿಗೆ ಬಿದ್ದಿತು. ಆದರೂ ವಾಲ್ಪೋಲನಿಂದ ಹಿಡಿದು 2022ರಲ್ಲಿ ಪದವಿ ಬಿಟ್ಟ ಬೋರಿಸ್ ಜಾನ್ಸನ್ನರವರೆಗೆ ಈಟನ್ ಆ ದೇಶಕ್ಕೆ ಕೊಟ್ಟ ಪ್ರಧಾನಿಗಳು 20 ಮಂದಿ. ಬಿರುದು ಹೋದರೂ ಸಲಿಗೆಯು ಹೋಗಿಲ್ಲ.

ನಮ್ಮ ಕಡೆಗೆ ತಿರುಗಿದರೆ, ಅಜ್ಮೀರದಲ್ಲಿ ರಾಜಕುಮಾರರಿಗಾಗಿ 1875ರಲ್ಲಿ ಮೇಯೋ ಕಾಲೇಜು ಹುಟ್ಟಿತು. 1935ರಲ್ಲಿ ಡೆಹ್ರಾಡೂನಿನಲ್ಲಿ ಡೂನ್ ಶಾಲೆಯು ಆರಂಭವಾದಾಗ ಅದಕ್ಕೆ ಮೊದಲ ಮುಖ್ಯೋಪಾಧ್ಯಾಯರಾಗಿ ಬಂದವರು ಈಟನ್ನಿನ ವಿಜ್ಞಾನದ ಉಪಾಧ್ಯಾಯರು. ವೆಲ್ಲೆಸ್ಲಿಯನ್ನು ಹೊರದೂಡಿದ ಹ್ಯಾರೋ ಶಾಲೆಯ ಹೆಸರನ್ನು ಹೊತ್ತ ಸಂಸ್ಥೆಯೊಂದು 2023ರಲ್ಲಿ ನಮ್ಮ ಬೆಂಗಳೂರಿನ ಹೊರವಲಯದಲ್ಲಿಯೇ ತೆರೆಯಿತು. ಶುಲ್ಕ ತೆರಬಲ್ಲವರು ಮಕ್ಕಳನ್ನು ತಮಗೆ ಬೇಕಾದ ಶಾಲೆಗೆ ಸೇರಿಸಲಿ. ಅದಕ್ಕೆ ನಮ್ಮ ಆಕ್ಷೇಪವಿಲ್ಲ. ಆದರೆ ಇಂಥಲ್ಲಿ ಕೊಳ್ಳುವುದು ವಿದ್ಯೆಯನ್ನೋ ಸಲಿಗೆಯನ್ನೋ ಎಂಬುದನ್ನು ತಂದೆತಾಯಿಗಳು ತಮ್ಮೊಳಗೇ ಕೇಳಿಕೊಳ್ಳಬೇಕು. ಲೆಕ್ಕ, ವಿಜ್ಞಾನ, ಇಂಗ್ಲಿಷುಗಳು ಇಷ್ಟು ದುಬಾರಿಯಲ್ಲ.

ಸರ್ಕಾರದ ಕರ್ತವ್ಯವು ಬೇರೆ. 2009ರ ಶಿಕ್ಷಣದ ಹಕ್ಕಿನ ಶಾಸನವು ಖಾಸಗಿ ಶಾಲೆಗಳ ಆರಂಭದ ತರಗತಿಯಲ್ಲಿ ನೂರಕ್ಕೆ 25 ಸ್ಥಾನಗಳನ್ನು ಬಡ ಹಾಗೂ ಹಿಂದುಳಿದ ಮಕ್ಕಳಿಗೆ ಕೊಡಬೇಕೆಂದಿತು. ಹೆನ್ರಿ ದೊರೆಯ 70 ಸ್ಥಾನಗಳನ್ನು ಶಾಸನದ ಬಲದಿಂದ ನಾವೇ ಪುನಃ ಸ್ಥಾಪಿಸಿದಂತಾಯಿತೆಂದು ಅಂದು ಸಂತೋಷಪಟ್ಟವರಲ್ಲಿ ನಾವೂ ಒಬ್ಬರು. 2019ರಲ್ಲಿ ಕರ್ನಾಟಕ ಸರ್ಕಾರವು ನಿಯಮವನ್ನು ತಿದ್ದಿ, ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಖಾಸಗಿ ಶಾಲೆಗೆ ಆ ಹೊಣೆಯಿಲ್ಲವೆಂದಿತು. ಸರ್ಕಾರಿ ಶಾಲೆಗಳನ್ನು ಉಳಿಸಲೆಂದೇ ಹೀಗೆ ಮಾಡಿದೆವೆಂಬ ಸಮಾಧಾನವನ್ನು ನಾವು ಓದಿದ್ದೇವೆ. ಸರ್ಕಾರಿ ಶಾಲೆಗೆ ಉಪಾಧ್ಯಾಯರನ್ನೂ ಕೊಠಡಿಗಳನ್ನೂ ಕೊಟ್ಟು ಉಳಿಸಬೇಕಲ್ಲದೆ, ಬಡ ಹುಡುಗನಿಗೆ ಬೇರೆ ಬಾಗಿಲನ್ನು ಮುಚ್ಚಿ ಅಲ್ಲ. ರಾಜ್ಯದ ಅತ್ಯಂತ ದುಬಾರಿಯ ಶಾಲೆಗಳಲ್ಲಿ 2012ರಿಂದೀಚೆಗೆ ಈ ಶಾಸನದ ಮೇರೆಗೆ ಪ್ರವೇಶ ಪಡೆದ ಮಕ್ಕಳೆಷ್ಟು, ಅವರಲ್ಲಿ ಓದು ಮುಗಿಸಿದವರೆಷ್ಟು, ನಡುವೆ ಬಿಟ್ಟವರೆಷ್ಟು ಎಂಬುದನ್ನು ಶಾಲೆಶಾಲೆಯ ಹೆಸರು ಸಹಿತವಾಗಿ ವಿದ್ಯಾ ಇಲಾಖೆಯವರು ಪ್ರಕಟಿಸಬೇಕೆಂದು ಕೇಳುತ್ತೇವೆ. ಕೈಗೆ ಬಂದ ಪಟ್ಟಿಯನ್ನು ಈ ಪತ್ರಿಕೆಯು ಒಂದಂಕಿಯನ್ನೂ ಬಿಡದೆ ಅಚ್ಚುಮಾಡುವುದು.