ಹೊಗೆಸೊಪ್ಪಿನ ಹೊಸ ವೇಷ: ಗಂಡಸರಿಗೆ ಒಂದು ಕಾರಣ, ಹೆಂಗಸರಿಗೆ ಇನ್ನೊಂದು

ಅಲಸಂದೆ, ಬದನೆ ಗಿಡಗಳಿಗೆ ಹೇನು ಹತ್ತಿದಾಗ ಹೊಗೆಸೊಪ್ಪಿನ ಕಷಾಯ ಹೊಡೆಯುವುದು ನಮ್ಮ ರೈತ ಕುಟುಂಬಗಳಿಗೆ ಹೊಸದಲ್ಲ. ಅರ್ಧ ಕಿಲೋ ಹೊಗೆಸೊಪ್ಪನ್ನು ನಾಲ್ಕೂವರೆ ಲೀಟರ್ ನೀರಿನಲ್ಲಿ ಒಂದು ದಿನ ನೆನೆಹಾಕಿ, ಸೋಸಿ, ಬೇರೆ ನೀರಿನಲ್ಲಿ ಕರಗಿಸಿದ 120 ಗ್ರಾಂ ಬಾರ್ ಸೋಪು ಬೆರೆಸಿ, ಆರೇಳು ಪಟ್ಟು ನೀರು ಸೇರಿಸಿ ಸಿಂಪಡಿಸುತ್ತೇವೆ. ಹೇನನ್ನು ಕೊಲ್ಲುವುದು ಅದರಲ್ಲಿರುವ ನಿಕೋಟಿನ್. ಶುಂಠಿ ಹಾಕಲು ಹುಣಸೂರು, ಪಿರಿಯಾಪಟ್ಟಣದ ಕಡೆ ಹೋದ ನಮ್ಮವರು ಅಲ್ಲಿನ ಹೊಗೆಸೊಪ್ಪಿನ ಹೊಲಗಳನ್ನು ಕಂಡಿರುತ್ತಾರೆ. ಒದ್ದೆ ಎಲೆ ಮುರಿಯುವ ಆಳುಗಳಿಗೆ ತಲೆಸುತ್ತು, ವಾಂತಿ ಬರುವುದುಂಟು. ಅದೇ ನಿಕೋಟಿನ್ ಚರ್ಮದ ಮೂಲಕ ಮೈಗೆ ಇಳಿಯುವುದೇ ಅದಕ್ಕೆ ಕಾರಣ.

ಈಗ ಆ ವಸ್ತುವನ್ನು ದ್ರವದಲ್ಲಿ ಕರಗಿಸಿ, ಮಾವು, ಪುದೀನದ ಪರಿಮಳ ಬೆರೆಸಿ, ಪೆನ್ನಿನಂಥ ಕೊಳವೆಯಲ್ಲಿ ತುಂಬಿ, ಬ್ಯಾಟರಿಯಿಂದ ಕಾಯಿಸಿ ಆವಿಯಾಗಿ ಎಳೆದುಕೊಳ್ಳುತ್ತಾರೆ. ಇದೇ ಇ-ಸಿಗರೇಟು. ಕರ್ನಾಟಕ ಸರಕಾರ ಇದನ್ನು 2016ರಲ್ಲಿಯೇ ನಿಷೇಧಿಸಿತು. 2019ರಲ್ಲಿ ಇಡೀ ದೇಶಕ್ಕೆ ಕಾನೂನು ಬಂತು. ಮಾರಿದವರಿಗೆ ಮೊದಲ ಸಲ ಒಂದು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೇ ಎರಡೂ. ಆದರೂ ಪಟ್ಟಣಗಳಲ್ಲಿ ಕದ್ದುಮುಚ್ಚಿ ಸಿಗುತ್ತದೆ. ತಿರುನೆಲ್ಲಿ, ತೋಲ್ಪೆಟ್ಟಿ, ಕಾಟಿಕುಳಂಗಳಿಂದ ಮೈಸೂರು, ಬೆಂಗಳೂರಿಗೆ ದುಡಿಯಲು ಹೋದ ಮಕ್ಕಳಿರುವ ಮನೆಗಳು ನಮ್ಮಲ್ಲಿ ಬಹಳ. ಆದುದರಿಂದ ಇದು ದೂರದ ಸುದ್ದಿಯೆಂದು ತಿಳಿಯುವುದು ಬೇಡ.

ನಾವು ಇಲ್ಲಿ ಮುಖ್ಯವಾಗಿ ಹೇಳಬಯಸುವುದು ಬೇರೆ. ಚಟ ಒಂದೇ ಆದರೂ ಗಂಡಸು ಹಿಡಿಯುವ ಕಾರಣ ಒಂದು, ಹೆಂಗಸು ಹಿಡಿಯುವ ಕಾರಣ ಇನ್ನೊಂದು. ಹಳೆಯ ಹೊಗೆಸೊಪ್ಪಿನಲ್ಲೇ ಇದನ್ನು ಕಾಣಬಹುದು. 2016-17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಬೀಡಿ, ಸಿಗರೇಟು ಸೇದುವ ಗಂಡಸರು ನೂರಕ್ಕೆ 19, ಹೆಂಗಸರು ಕೇವಲ 2. ಹೊಗೆಯಿಲ್ಲದ ಹೊಗೆಸೊಪ್ಪು ಬಳಸುವವರಲ್ಲಿ ಗಂಡಸರು ಸುಮಾರು 30, ಹೆಂಗಸರು ಸುಮಾರು 13. ಹೆಂಗಸರಿಗೆ ನಿಕೋಟಿನ್ ಬೇಡವೆಂದಲ್ಲ. ಹೊಗೆ ಬಿಟ್ಟರೆ ಹತ್ತು ಮಂದಿ ನೋಡುತ್ತಾರೆ, ಎಲೆ-ಅಡಿಕೆಯ ಜೊತೆ ಒಂದು ಚೂರು ಬಾಯಿಗಿಟ್ಟರೆ ಯಾರೂ ಕೇಳುವುದಿಲ್ಲ. ಚಹಾದಂಗಡಿಯ ಬೆಂಚಿನಲ್ಲಿ ಬೀಡಿ ಹಚ್ಚುವ ಗಂಡಸಿಗೆ ಬೇಕಾದುದು ಜೊತೆ, ಮಾತು, ಸ್ವಲ್ಪ ವಿರಾಮ. ಕಾಫಿ ಕೊಯ್ಯುವ ಹೆಣ್ಣುಮಗಳಿಗೆ ಬೇಕಾದುದು ಹಸಿವು, ಹಲ್ಲುನೋವು, ದಣಿವುಗಳನ್ನು ಸಂಜೆಯವರೆಗೆ ಮರೆಯುವ ಉಪಾಯ.

ಇ-ಸಿಗರೇಟಿನಲ್ಲೂ ಇದೇ ಕಥೆ. ಹೊರದೇಶಗಳ ಅಧ್ಯಯನಗಳಲ್ಲಿ ಗಂಡಸರು ಹೆಚ್ಚಾಗಿ ಹೇಳುವುದು ರುಚಿ, ಮೋಜು, ಯಂತ್ರದ ಕುತೂಹಲ, ಸಿಗರೇಟು ಬಿಡುವ ಆಸೆ. ಹೆಂಗಸರು ಹೆಚ್ಚಾಗಿ ಹೇಳುವುದು ಮನಸ್ಸಿನ ಒತ್ತಡ, ಬೇಸರ, ಮೈತೂಕದ ಚಿಂತೆ. ವಾಸನೆ ಬಟ್ಟೆಗೆ ಅಂಟುವುದಿಲ್ಲ, ಚೀಲದಲ್ಲಿ ಅಡಗುತ್ತದೆ ಎಂಬುದನ್ನೂ ನಮ್ಮ ನಾಡಿನಲ್ಲಿ ಸೇರಿಸಿಕೊಳ್ಳಬೇಕು. ಶರೀರದಲ್ಲೂ ವ್ಯತ್ಯಾಸವಿದೆ. ಹೆಂಗಸರ ಮೈ ನಿಕೋಟಿನನ್ನು ಗಂಡಸರಿಗಿಂತ ಬೇಗ ಕರಗಿಸುತ್ತದೆ, ಗರ್ಭಿಣಿಯರಲ್ಲಿ ಇನ್ನೂ ಬೇಗ. ಹೀಗಾಗಿ ಮತ್ತೆ ಬೇಕೆನ್ನುವ ಹಂಬಲ ಬೇಗ ಮರಳಬಹುದು. ಬಿಡಿಸಲು ಕೊಡುವ ನಿಕೋಟಿನ್ ಪಟ್ಟಿಯೂ ಅವರಲ್ಲಿ ಅಷ್ಟು ಚೆನ್ನಾಗಿ ಫಲಿಸುವುದಿಲ್ಲವೆಂದು ಸಂಶೋಧಕರು ಕಂಡಿದ್ದಾರೆ. ಹೊಟ್ಟೆಯಲ್ಲಿರುವ ಶಿಶುವಿನ ಮೆದುಳಿಗೂ ಶ್ವಾಸಕೋಶಕ್ಕೂ ನಿಕೋಟಿನ್ ಹಾನಿಕರ. ಅದು ಬೀಡಿಯಿಂದ ಬಂದರೂ ಸರಿ, ಪುದೀನದ ಆವಿಯಿಂದ ಬಂದರೂ ಸರಿ.

ಬೀಡಿ ಬಿಡಲೆಂದೇ ಇದನ್ನು ಹಿಡಿದೆ ಎನ್ನುವವರ ಮಾತನ್ನು ನಾವು ತಳ್ಳಿಹಾಕುವುದಿಲ್ಲ. ಸುಟ್ಟ ಹೊಗೆಗಿಂತ ಆವಿಯಲ್ಲಿ ವಿಷ ಕಡಿಮೆ ಎಂಬುದು ನಿಜ, ಇಂಗ್ಲೆಂಡಿನಲ್ಲಿ ವೈದ್ಯರೇ ಸಿಗರೇಟು ಸೇದುವವರಿಗೆ ಇದನ್ನು ಸೂಚಿಸುವುದುಂಟು. ಆದರೆ ಅಲ್ಲಿ ಆ ದ್ರವಕ್ಕೆ ಸರಕಾರದ ಅಳತೆಯಿದೆ, ನಿಯಮವಿದೆ. ಇಲ್ಲಿ ಕಳ್ಳಮಾಲಿನ ಒಳಗೆ ಏನಿದೆಯೆಂದು ಮಾರುವವನಿಗೇ ಗೊತ್ತಿರುವುದಿಲ್ಲ.

ನಮ್ಮನ್ನು ಹೆಚ್ಚು ಚಿಂತೆಗೀಡುಮಾಡುವುದು ನಮ್ಮ ಮನೆಗಳ ನ್ಯಾಯ. ಮಗನ ಜೇಬಿನಲ್ಲಿ ಸಿಗರೇಟು ಸಿಕ್ಕರೆ ತಾಯಿ ಎರಡು ಮಾತು ಬೈದು ಊಟ ಬಡಿಸುತ್ತಾಳೆ. ಮಗಳ ಚೀಲದಲ್ಲಿ ಈ ಕೊಳವೆ ಸಿಕ್ಕರೆ ಕೆಲಸ ಬಿಡಿಸಿ ಮನೆಗೆ ಕರೆತರುವ ಮಾತು, ಮದುವೆಯ ಮಾತು, ನೆರೆಹೊರೆಯ ಭಯ! ಇದರಿಂದ ಚಟ ಬಿಡುವುದಿಲ್ಲ, ಬಚ್ಚಿಡುವುದು ಮಾತ್ರ ಹೆಚ್ಚುತ್ತದೆ. ಡಾಕ್ಟರರ ಮುಂದೆಯೂ ಆಕೆ ಬಾಯಿಬಿಡುವುದಿಲ್ಲ, ಬಸುರಿಯಾದಾಗಲೂ ಹೇಳುವುದಿಲ್ಲ. ಬೈಗುಳಕ್ಕೆ ಮೊದಲು ‘ಯಾಕೆ ಬೇಕಾಯಿತು, ಮಗಳೇ?’ ಎಂದು ಕೇಳಬೇಕು. ರಾತ್ರಿಪಾಳಿಯ ದಣಿವೇ, ಸಾಲದ ಚಿಂತೆಯೇ, ಗಂಡನ ಕುಡಿತವೇ? ಕಾರಣಕ್ಕೆ ಮದ್ದು ಮಾಡದೆ ಕೊಳವೆ ಕಸಿದುಕೊಂಡರೆ ನಾಳೆ ಬೇರೊಂದು ಬರುತ್ತದೆ. ಗಂಡಸರ ವಿಷಯದಲ್ಲಿ ಕೆಲಸ ಬೇರೆ: ಸೇದುವ ಗುಂಪಿನಿಂದ ಕೆಲವು ವಾರವಾದರೂ ದೂರವಿರಲು ಗೆಳೆಯರೇ ನೆರವಾಗಬೇಕು.

ಬಿಡಬಯಸುವವರಿಗೆ ಕೇಂದ್ರ ಸರಕಾರದ ಉಚಿತ ದೂರವಾಣಿ 1800-11-2356 ಇದೆ. ಅಲ್ಲಿ ಹೆಸರಿಗಾಗಿ ಅಂಜಬೇಕಾಗಿಲ್ಲ. ಅಪ್ಪಪಾರದ ಸರಕಾರಿ ಆರೋಗ್ಯ ಕೇಂದ್ರದಲ್ಲಿ ಅಥವಾ ಮಾನಂದವಾಡಿಯ ಮೆಡಿಕಲ್ ಕಾಲೇಜಿನಲ್ಲಿ ಕೇಳಬಹುದು. ಮನೆಯಲ್ಲಿ ಈ ದ್ರವದ ಸೀಸೆಯೇನಾದರೂ ಇದ್ದರೆ ಕೀಟನಾಶಕದಂತೆಯೇ ಮಕ್ಕಳ ಕೈಗೆ ಸಿಗದ ಹಾಗೆ ಬೀಗ ಹಾಕಿ ಇಡಿರಿ. ಹಣ್ಣಿನ ಪರಿಮಳವಿರುವುದರಿಂದ ಮಗು ಬಾಯಿಗೆ ಹಾಕಿಕೊಂಡೀತು. ಒಂದು ಗುಟುಕು ಹೋಗಿದ್ದರೂ ವಾಂತಿ ಮಾಡಿಸುತ್ತಾ ಕೂರದೆ, ಸೀಸೆಯ ಸಮೇತ ಕೂಡಲೇ ಆಸ್ಪತ್ರೆಗೆ ಒಯ್ಯಿರಿ.