ಸಾಕ್ಷಿಗಳಿಲ್ಲದ ಮದುವೆ

‘ಕಾರ್ಪ್ಸ್ ಬ್ರೈಡ್’ ಚಿತ್ರವನ್ನು ಯಾರಾದರೂ ‘ದೇಶ, ಧರ್ಮಗಳ ಹಂಗಿಲ್ಲದ ಪ್ರೇಮಕಥೆ’ ಎಂದು ಹೊಗಳಿದರೆ ನನಗೆ ಕಿರಿಕಿರಿಯಾಗುತ್ತದೆ. ಆ ಕಥೆಗೆ ಹಂಗಿತ್ತು. ಅದನ್ನು ಕಿತ್ತು ಹಾಕಲಾಗಿದೆ.

2005ರಲ್ಲಿ ಟಿಮ್ ಬರ್ಟನ್ ಮತ್ತು ಮೈಕ್ ಜಾನ್ಸನ್ ನಿರ್ದೇಶಿಸಿದ ಈ ಗೊಂಬೆ ಚಿತ್ರದ ನಾಯಕ ವಿಕ್ಟರ್, ಪಿಯಾನೊ ಮುಂದೆ ಕೂತಾಗ ಮಾತ್ರ ನಿರಾಳವಾಗುವ ಅಂಜುಬುರುಕ ಹುಡುಗ. ಮದುವೆಯ ಪ್ರತಿಜ್ಞೆಯನ್ನು ಕಾಡಿನಲ್ಲಿ ಒಬ್ಬನೇ ಅಭ್ಯಾಸ ಮಾಡುತ್ತ, ನೆಲದಿಂದ ಚಾಚಿದ ಕಡ್ಡಿಯೊಂದಕ್ಕೆ ಉಂಗುರ ತೊಡಿಸುತ್ತಾನೆ. ಅದು ಕೊಲೆಯಾದ ವಧು ಎಮಿಲಿಯ ಬೆರಳು. ಮುಂದೆ ಇಬ್ಬರೂ ಜೊತೆಯಾಗಿ ಪಿಯಾನೊ ನುಡಿಸುವಾಗ ಅವಳ ಕೈ ಕಳಚಿಕೊಂಡು ತಾನೇ ನುಡಿಸುತ್ತ ಹೋಗುವ ದೃಶ್ಯ ನನಗೂ ಇಷ್ಟ. ನನ್ನ ತಕರಾರು ಬೇರೆ ಕಡೆ ಇದೆ.

ಚಿತ್ರದ ಬೇರು ಇರುವುದು 16ನೇ ಶತಮಾನದ ಗಲಿಲೀ ಪ್ರಾಂತದ ಸಫೇದ್ ಊರಿನಲ್ಲಿ, ಕಬ್ಬಾಲಾ ಪಂಥದ ಗುರು ಐಸಾಕ್ ಲೂರಿಯಾ ಸುತ್ತ ಹೆಣೆದುಕೊಂಡ ಕಥೆಗಳಲ್ಲಿ. ಹೋವರ್ಡ್ ಶ್ವಾರ್ಟ್ಸ್ ಇಂಗ್ಲಿಷಿನಲ್ಲಿ ಮರಳಿ ಹೇಳಿರುವ ರೂಪದಲ್ಲಿ ಹುಡುಗ ಒಬ್ಬನೇ ಇಲ್ಲ, ಇಬ್ಬರು ಗೆಳೆಯರಿದ್ದಾರೆ. ಈ ಇಬ್ಬರು ಲೆಕ್ಕ ತುಂಬಲು ಬಂದವರಲ್ಲ. ಯಹೂದಿ ಕಾನೂನಿನಲ್ಲಿ ಉಂಗುರ, ನಿಗದಿತ ಮಾತು, ಇಬ್ಬರು ಸಾಕ್ಷಿಗಳು ಸೇರಿದರೆ ಅದು ಹುಡುಗಾಟವಾಗಿ ಉಳಿಯುವುದಿಲ್ಲ, ಮದುವೆಯೇ ಆಗಿಬಿಡುವ ಅಪಾಯವಿದೆ. ಕಥೆಯ ನಿಜವಾದ ಭಯ ಹೆಣದ್ದಲ್ಲ, ಆಡಿದ ಮಾತಿನದು. ವಿಕ್ಟರನಿಗೆ ಇರುವ ಸಾಕ್ಷಿಗಳೋ, ಮರದ ಮೇಲಿನ ಕಾಗೆಗಳು! ಸಫೇದಿನ ಲೆಕ್ಕದಲ್ಲಿ ಅವನ ಮದುವೆ ಆಗಿಯೇ ಇಲ್ಲ.

ಹಳೆಯ ಕಥೆಯಲ್ಲಿ ಸತ್ತವಳು ನ್ಯಾಯ ಕೇಳಲು ಬರುತ್ತಾಳೆ. ಧರ್ಮಪೀಠ ಕೂರುತ್ತದೆ, ಅವಳ ವಾದ ಕೇಳುತ್ತದೆ, ಬದುಕಿರುವವರ ಮೇಲೆ ಸತ್ತವರಿಗೆ ಹಕ್ಕಿಲ್ಲ ಎಂದು ತೀರ್ಪು ಕೊಡುತ್ತದೆ. ಕ್ರೂರ ತೀರ್ಪು, ಆದರೆ ಅವಳನ್ನು ಕಕ್ಷಿದಾರಳೆಂದು ಒಪ್ಪಿ ಕೊಟ್ಟ ತೀರ್ಪು. ಚಿತ್ರದಲ್ಲಿ ಪೀಠವಿಲ್ಲ. ಪಾತಾಳದ ಮುದುಕನೊಬ್ಬ, ಸಾವು ಅಗಲಿಸುವ ತನಕ ಮಾತ್ರ ಮದುವೆ ಊರ್ಜಿತ ಎಂದು ನಿಯಮ ಓದುತ್ತಾನೆ. ಇದು ಕ್ರೈಸ್ತ ವಿವಾಹದ ಪ್ರತಿಜ್ಞೆ. ಊರಿನಲ್ಲಿರುವುದು ಚರ್ಚು, ಗದರುವವನು ಪಾದ್ರಿ. ಹಾಗಾದರೆ ಚಿತ್ರಕ್ಕೆ ಧರ್ಮವಿಲ್ಲ ಎಂದವರು ಯಾರು? ಒಂದನ್ನು ಅಳಿಸಿ ಇನ್ನೊಂದನ್ನು ಬರೆದು, ಬರೆದದ್ದಕ್ಕೆ ‘ವಿಶ್ವಾತ್ಮಕ’ ಎಂದು ಹೆಸರಿಟ್ಟಿದ್ದಾರೆ, ಅಷ್ಟೆ.

ಜನಪದ ಕಥೆಗೆ ಒಡೆಯರಿಲ್ಲ ಎಂಬ ಉತ್ತರ ಸೆಮಿನಾರುಗಳಲ್ಲಿ ಸಿದ್ಧವಾಗಿರುತ್ತದೆ. ಒಪ್ಪಿದೆ. ವೀನಸ್ ಪ್ರತಿಮೆಯ ಬೆರಳಿಗೆ ಉಂಗುರ ತೊಡಿಸಿ ಸಿಕ್ಕಿಬಿದ್ದವನ ಕಥೆ ಮಧ್ಯಯುಗದ ಯುರೋಪಿನಲ್ಲೂ ಓಡಾಡಿದೆ. ಆದರೆ ಯಹೂದಿಗಳ ಕಥೆಯಲ್ಲಿ ಆ ಉಂಗುರದ ಜೊತೆಗೆ ಒಂದು ನ್ಯಾಯಾಲಯವೂ ಇದೆ. ಕಥೆ ಕೈದಾಟುವಾಗ ಏನಾದರೂ ಕೂಡಿಕೊಳ್ಳಬೇಕು. ಇಲ್ಲಿ ಬರೀ ಕಳೆಯಲಾಗಿದೆ.

ಕಳೆಯದೆಯೂ ಲೋಕವೆಲ್ಲ ಸುತ್ತಬಹುದು ಎನ್ನುವುದಕ್ಕೆ ಎಸ್. ಆನ್‌ಸ್ಕಿಯ ‘ದಿಬ್ಬುಕ್’ ನಾಟಕ ಇದೆ. ದಿಬ್ಬುಕ್ ಎಂದರೆ ಬದುಕಿರುವವರ ಮೈಹೊಕ್ಕ ಸತ್ತವನ ಆತ್ಮ. 1912ರಲ್ಲಿ ಆನ್‌ಸ್ಕಿ, ಸಂಗೀತಗಾರ ಯೋಯೆಲ್ ಎಂಗೆಲ್‌ನ ಜೊತೆ ಇಂದಿನ ಯುಕ್ರೇನಿನ ಹಳ್ಳಿಪೇಟೆಗಳಿಗೆ ಫೋನೋಗ್ರಾಫ್ ಹೊತ್ತು ಹೋದ. ಹಾಡು, ಕಥೆ, ನಂಬಿಕೆ ಕೂಡಿಹಾಕಿದ. ನಾಟಕ ಹುಟ್ಟಿದ್ದು ಆ ಓಡಾಟದ ಅನುಭವದಿಂದ. ಬಡ ವಿದ್ಯಾರ್ಥಿ ಖೋನನ್, ತಾನು ಪ್ರೀತಿಸಿದ ಲೇಯಾಳಿಗೆ ಸಿರಿವಂತರ ಸಂಬಂಧ ಗಟ್ಟಿಯಾಯಿತೆಂದು ಕೇಳಿ ಸಾಯುತ್ತಾನೆ, ಮದುವೆಯ ದಿನ ಅವಳ ಮೈಮೇಲೆ ಬರುತ್ತಾನೆ. ಅವರಿಬ್ಬರೂ ಹುಟ್ಟುವ ಮೊದಲೇ ಅಪ್ಪಂದಿರು ಬೀಗರಾಗುವ ಮಾತು ಕೊಟ್ಟುಕೊಂಡಿರುತ್ತಾರೆ. ಖೋನನ್‌ನ ಸತ್ತ ಅಪ್ಪ ಲೇಯಾಳ ಅಪ್ಪನ ಮೇಲೆ ದಾವೆ ಹೂಡುತ್ತಾನೆ! ಪರದೆಯ ಆಚೆ ಅವನಿಗೆ ಜಾಗ ಮಾಡಿಕೊಟ್ಟು ವಿಚಾರಣೆ ನಡೆಯುತ್ತದೆ. ಇನ್ನೂ ಹುಟ್ಟದ್ದರ ಬಗ್ಗೆ ಆಡಿದ ಮಾತು ಕಾನೂನಿನಲ್ಲಿ ನಿಲ್ಲದು, ಆದರೂ ಲೇಯಾಳ ಅಪ್ಪ ಅರ್ಧ ಆಸ್ತಿಯನ್ನು ಬಡವರಿಗೆ ಹಂಚಬೇಕು ಎಂದು ತೀರ್ಪಾಗುತ್ತದೆ. ಸತ್ತವನು ‘ಆಮೆನ್’ ಎನ್ನುವುದಿಲ್ಲ. ಒಪ್ಪಿಗೆ ಸಿಗದ ಆ ಮೌನದಷ್ಟು ನಡುಕ ಹುಟ್ಟಿಸುವುದು ಬರ್ಟನ್‌ನ ಯಾವ ಅಸ್ಥಿಪಂಜರದಲ್ಲೂ ಇಲ್ಲ.

ಅದೇ ನಾಟಕದ ಊರಿನ ನಡುವೆ ಒಂದು ಸಮಾಧಿಯಿದೆ. 1648ರ ಖ್ಮೆಲ್ನಿತ್ಸ್ಕಿ ದಂಗೆಯಲ್ಲಿ ಮದುವೆಯ ಹೊತ್ತಿಗೇ ಕೊಲೆಯಾದ ವಧೂವರರದು. ಮದುವೆ ಮನೆಯವರು ಅದರ ಸುತ್ತ ಕುಣಿಯುತ್ತಾರೆ. ಸತ್ತ ವಧುವೆಂದರೆ ಆ ಜನಕ್ಕೆ ಬರೀ ರಮ್ಯ ಕಲ್ಪನೆ ಆಗಿರಲಿಲ್ಲ. ಎಮಿಲಿಯನ್ನು ಕೊಲ್ಲುವವನಾದರೋ ಒಡವೆಯ ಆಸೆಗೆ ಬಿದ್ದ ಒಬ್ಬ ವಂಚಕ. ಇತಿಹಾಸದ ಕೊಲೆ ಒಬ್ಬ ಖಳನಾಯಕನಿಗೆ ಇಳಿದುಬಿಟ್ಟರೆ ನೋಡುವವರಿಗೆ ಎಷ್ಟು ಹಗುರ!

ಆನ್‌ಸ್ಕಿ ನಾಟಕವನ್ನು ರಂಗದ ಮೇಲೆ ನೋಡಲಿಲ್ಲ. 1920ರ ನವೆಂಬರಿನಲ್ಲಿ ತೀರಿಕೊಂಡ, ತಿಂಗಳ ಬಳಿಕ ವಿಲ್ನಾ ತಂಡ ವಾರ್ಸಾದಲ್ಲಿ ಅದನ್ನು ಆಡಿತು. 1922ರಲ್ಲಿ ಮಾಸ್ಕೋದ ಹಬೀಮಾ ತಂಡ ಹೀಬ್ರೂವಿನಲ್ಲಿ ಆಡಿದಾಗ ಸಂಗೀತ ಎಂಗೆಲ್‌ನದು. ಆ ಹಳ್ಳಿಪೇಟೆಗಳ ಯಹೂದಿಗಳನ್ನು ನಾಜಿಗಳು 1941ರಿಂದ ಗುಂಡಿಗಳ ಅಂಚಿನಲ್ಲಿ ನಿಲ್ಲಿಸಿ ಕೊಂದರು. ಹೀಗೆ ಜನರನ್ನೇ ಅಳಿಸಿದ ಖಂಡದಲ್ಲಿ, ಅವರ ಕಥೆಯಿಂದಲೂ ಅವರನ್ನು ತೆಗೆದುಬಿಟ್ಟು ‘ಎಲ್ಲರದೂ’ ಎನ್ನುವುದನ್ನು ಔದಾರ್ಯ ಎನ್ನಲು ನನ್ನಿಂದಾಗದು.

ನಮ್ಮ ಕಾಲೇಜುಗಳ ಫಿಲ್ಮ್ ಕ್ಲಬ್ಬುಗಳು ‘ಕಾರ್ಪ್ಸ್ ಬ್ರೈಡ್’ ತೋರಿಸಲಿ, ಬೇಡವೆನ್ನುವುದಿಲ್ಲ. ಮರುದಿನ ಮಿಹಾವ್ ವಾಷಿನ್ಸ್ಕಿ 1937ರಲ್ಲಿ ಪೋಲೆಂಡಿನಲ್ಲಿ ತೆಗೆದ ಯಿಡ್ಡಿಷ್ ‘ದಿಬ್ಬುಕ್’ ಚಿತ್ರವನ್ನೂ ಹಾಕಲಿ. ಅದರಲ್ಲಿ ಗೆರ್ಶೋನ್ ಸಿರೋಟಾ ಹಾಡಿದ್ದಾನೆ, ವಾರ್ಸಾದ ದೊಡ್ಡ ಸಿನಗಾಗಿನ ಪ್ರಾರ್ಥನಾ ಗಾಯಕನಾಗಿ ಹೆಸರು ಮಾಡಿದವನು. 1943ರಲ್ಲಿ ಅವನು ವಾರ್ಸಾ ಘೆಟ್ಟೋದಲ್ಲಿ ಸತ್ತ.