ಕಿವುಡ ಮಗುವಿಗೆ ಒಂದು ಇಸಿಜಿ

2025ರ ಜೂನ್-ಜುಲೈನಲ್ಲಿ ಹಾಸನದ ಹೃದಯಾಘಾತದ ಸುದ್ದಿ ಬಂದಾಗ ಜಯದೇವ ಆಸ್ಪತ್ರೆಗಳ ಮುಂದೆ ಜನ ಸಾಲುಗಟ್ಟಿದರು. ಆಗ ಮಾತೆಲ್ಲ ರಕ್ತನಾಳ ಕಟ್ಟುವುದರ ಬಗ್ಗೆ. ಹೃದಯದ ವಿದ್ಯುತ್ ಕೆಡುವ ಆನುವಂಶಿಕ ಕಾಯಿಲೆಗಳ ಬಗ್ಗೆ ಹೆಚ್ಚು ಕೇಳಿಬರಲಿಲ್ಲ.

ಪ್ರಥಮ ಪಿಯುಸಿ ಜೀವಶಾಸ್ತ್ರದಲ್ಲಿ ನಾವು ಇಸಿಜಿಯ ಪಿ, ಕ್ಯೂಆರ್‌ಎಸ್, ಟಿ ಅಲೆಗಳನ್ನು ಬರೆದು ಅಂಕ ತೆಗೆದುಕೊಳ್ಳುತ್ತೇವೆ. ಪ್ರತಿ ಬಡಿತದ ನಂತರ ಹೃದಯದ ಕೋಶಗಳಿಂದ ಪೊಟ್ಯಾಸಿಯಂ ಹೊರಗೆ ಹೋಗಿ ಮುಂದಿನ ಬಡಿತಕ್ಕೆ ಅಣಿಯಾಗುತ್ತವೆ. ಆ ದಾರಿಯ ಜೀನ್ ಕೆಟ್ಟಿದ್ದರೆ ಕ್ಯೂ ಮತ್ತು ಟಿ ನಡುವಿನ ಅಂತರ ಉದ್ದವಾಗುತ್ತದೆ. ಇದೇ ಲಾಂಗ್ ಕ್ಯೂಟಿ. ಓಡಿದಾಗ, ಹೆದರಿದಾಗ ಮಗು ಎಚ್ಚರ ತಪ್ಪಿ ಬೀಳುತ್ತದೆ, ಕೆಲವೊಮ್ಮೆ ಏಳುವುದೇ ಇಲ್ಲ. ಎಷ್ಟೋ ಕಡೆ ಅದನ್ನು ಫಿಟ್ಸ್ ಎಂದೇ ತಿಳಿಯುತ್ತಾರೆ.

1957ರಲ್ಲಿ ನಾರ್ವೆಯ ಜೆರ್ವೆಲ್ ಮತ್ತು ಲಾಂಗೆ-ನೀಲ್ಸನ್ ಎಂಬ ವೈದ್ಯರು ಒಂದು ಕುಟುಂಬದ ಬಗ್ಗೆ ಬರೆದರು. ನಾಲ್ವರು ಹುಟ್ಟು ಕಿವುಡ ಮಕ್ಕಳು. ಅವರಲ್ಲಿ ಮೂವರು ಹಠಾತ್ತನೆ ತೀರಿಕೊಂಡಿದ್ದರು. ಒಳಕಿವಿಗೂ ಹೃದಯಕ್ಕೂ ಅದೇ ಪೊಟ್ಯಾಸಿಯಂ ದಾರಿ ಬೇಕು. ತಂದೆ, ತಾಯಿ ಇಬ್ಬರಿಂದಲೂ ದೋಷ ಬಂದರೆ ಎರಡೂ ಕೆಡುತ್ತವೆ. ನಮ್ಮ ಭಾಗದಲ್ಲಿ ಸೋದರಮಾವನೊಂದಿಗೆ, ಮಾವ-ಅತ್ತೆಯ ಮಕ್ಕಳೊಂದಿಗೆ ಮದುವೆ ಹೊಸದಲ್ಲ. ಯಾರ ಮನೆತನವನ್ನೂ ಹಳಿಯಲು ಇದನ್ನು ಹೇಳುತ್ತಿಲ್ಲ. ಇಂಥ ಮದುವೆಗಳಿರುವಲ್ಲಿ ಈ ಕಾಯಿಲೆಯನ್ನು ಹುಡುಕಬೇಕು ಎಂದಷ್ಟೇ.

ಔಷಧಿಗಳು ಬಂದ ದಾರಿಯೂ ವಿಚಿತ್ರ. ಜೇಮ್ಸ್ ಬ್ಲ್ಯಾಕ್ 1960ರ ದಶಕದಲ್ಲಿ ಪ್ರೊಪ್ರನೊಲಾಲ್ ಕಂಡುಹಿಡಿದದ್ದು ಎದೆನೋವಿಗಾಗಿ. ಅದೇ ಅಗ್ಗದ ಮಾತ್ರೆ ಇಂದಿಗೂ ಈ ಮಕ್ಕಳನ್ನು ಕಾಯುತ್ತಿದೆ, ಎಲ್ಲರನ್ನೂ ಅಲ್ಲ. ಹಳೆಯ ಫ್ಲೆಕೈನೈಡ್ ಸಿಪಿವಿಟಿ ಎಂಬ ಇನ್ನೊಂದು ಲಯದೋಷಕ್ಕೆ ಉಪಯೋಗ ಎಂದು ತಿಳಿದದ್ದು 2009ರಲ್ಲಿ. 2010ರಲ್ಲಿ ಜರ್ಮನಿಯ ಸಂಶೋಧಕರು ಲಾಂಗ್ ಕ್ಯೂಟಿ ರೋಗಿಗಳ ಚರ್ಮದ ಕೋಶಗಳಿಂದ ಹೃದಯದ ಕೋಶಗಳನ್ನು ಬೆಳೆಸಿದರು. ಈಗ ಔಷಧಿಯನ್ನು ಮೊದಲು ತಟ್ಟೆಯಲ್ಲಿ ಬಡಿಯುವ ಆ ಕೋಶಗಳ ಮೇಲೆ ಪರೀಕ್ಷಿಸಬಹುದು.

ಆದರೆ ಯಾರ ಕೋಶ? ಹೃದಯದ ಸ್ನಾಯುವನ್ನು ದುರ್ಬಲಗೊಳಿಸಬಲ್ಲ, 100 ಭಾರತೀಯರಲ್ಲಿ ಸುಮಾರು 4 ಮಂದಿಗಿರುವ ಜೀನ್ ಬದಲಾವಣೆಯ ಮಹತ್ವ 2009ರಲ್ಲಿ ಗೊತ್ತಾದದ್ದು ನಮ್ಮವರನ್ನು ಪರೀಕ್ಷಿಸಿದ್ದರಿಂದ. ಲಯದ ಕಾಯಿಲೆಗೂ ಅದೇ ಆಗಬೇಕು. ನಮ್ಮ ಕುಟುಂಬಗಳು ಲೆಕ್ಕಕ್ಕೇ ಬರದಿದ್ದರೆ ನಾಳಿನ ಔಷಧಿ ನಮ್ಮ ದೋಷಕ್ಕೆ ಹೊಂದುತ್ತದೆಯೋ ಇಲ್ಲವೋ, ಯಾರು ನೋಡುತ್ತಾರೆ?

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು 2013ರಿಂದ ಶಾಲೆ, ಅಂಗನವಾಡಿಗಳಿಗೆ ಬರುತ್ತಿವೆ. ಅವರ ಪಟ್ಟಿಯಲ್ಲಿ ಹುಟ್ಟು ಕಿವುಡುತನವಿದೆ. ಅಂಥ ಪ್ರತಿ ಮಗುವಿಗೂ ಒಂದು ಇಸಿಜಿ ಕಡ್ಡಾಯವಾಗಲಿ ಎಂಬುದು ನನ್ನ ಬೇಡಿಕೆ. ಒಂದೇ ಇಸಿಜಿಯಲ್ಲಿ ಎಲ್ಲವೂ ಸಿಗದು, ಓದಲು ತಜ್ಞರೂ ಬೇಕು, ನಿಜ. ಆದರೆ ಹಾಳೆಯ ಫೋಟೋ ಬೆಂಗಳೂರಿಗೆ ಹೋಗಲು ಒಂದು ನಿಮಿಷ ಸಾಕು. ಕಾಗವಾಡದಿಂದ ರೋಗಿ ಹೋಗಲು 500 ಕಿ.ಮೀ.ಗೂ ಹೆಚ್ಚು ದೂರ.

ಇನ್ನೊಂದು ಕಾರಣವೂ ಇದೆ. ವಾಂತಿಗೆ ಕೊಡುವ ಡೊಂಪೆರಿಡೋನ್, ಅಜಿಥ್ರೊಮೈಸಿನ್‌ನಂಥ ಕೆಲವು ಆಂಟಿಬಯಾಟಿಕ್‌ಗಳು ಕ್ಯೂಟಿಯನ್ನು ಇನ್ನಷ್ಟು ಉದ್ದ ಮಾಡಬಲ್ಲವು. ನಮ್ಮಲ್ಲಿ ಇವನ್ನು ಚೀಟಿಯಿಲ್ಲದೆ ಕೇಳಿ ತರುವವರು ಬಹಳ. ಮೆಡಿಕಲ್ ಅಂಗಡಿಯಲ್ಲಿ "ಇದು ನನ್ನ ಮಗುವಿಗೆ ಬೇಡ" ಎನ್ನಲು ಆ ತಾಯಿಯ ಕೈಯಲ್ಲಿ ಕಾಯಿಲೆಯ ಹೆಸರು ಬರೆದ ಒಂದು ಕಾಗದವಾದರೂ ಇರಬೇಕಲ್ಲ.